ಬೆಳ್ಳಿ ಎಲೆ, ಬಿದಿರ ದಬ್ಬೆ

ಅವ್ವನ ಟ್ರಂಕನ್ನು ತೆಗೆದು ನೋಡುವುದಕ್ಕೆ ನನಗೆ ಒಂದೂವರೆ ವರ್ಷ ಹಿಡಿಯಿತು. ದುಃಖವೇ ಅದಕ್ಕೆ ಕಾರಣ ಎಂದು ಹೇಳಿಕೊಂಡರೆ ಕೇಳುವವರಿಗೆ ಹಿತವಾಗಿರುತ್ತದೆ. ಆದರೆ ನಿಜ ಸಂಗತಿ ಏನೆಂದರೆ ಆ ಟ್ರಂಕಿನ ಮೇಲೆ ಒಂದು ಮೂಟೆ ರಾಗಿ ಇತ್ತು, ಮೂಟೆಯ ಮೇಲೆ ಕೆಟ್ಟುಹೋದ ಟೇಬಲ್ ಫ್ಯಾನು ಇತ್ತು. ತಾಲ್ಲೂಕು ಕಚೇರಿಯಲ್ಲಿ ಹದಿನೆಂಟು ವರ್ಷ ಗುಮಾಸ್ತನಾಗಿದ್ದವನ ಕಣ್ಣಿಗೆ, ಒಂದರ ಮೇಲೆ ಇನ್ನೊಂದು ಕುಳಿತುಬಿಟ್ಟರೆ ಕೆಳಗಿನದು ಇತ್ಯರ್ಥವಾದಂತೆಯೇ ಕಾಣುತ್ತದೆ.

ಮೊನ್ನೆ ಭಾನುವಾರ ಹೆಂಡತಿ ಸಾವಿತ್ರಿಯ ಒತ್ತಾಯಕ್ಕೆ ಕಡೆಗೂ ತೆಗೆದೆ. ಎರಡು ಸೀರೆ, ಒಂದು ಅಡಕೆಕತ್ತರಿ, ಸೀಮೆಹಸುವಿನ ಕೊರಳ ಗಂಟೆ, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು. ತಳದಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ನಾಲ್ಕು ಬಿದಿರ ದಬ್ಬೆಗಳು. ಅವುಗಳ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಅಗಲದ ಒಂದು ಬೆಳ್ಳಿ ಎಲೆ. ಅರಳಿ ಎಲೆಯ ಆಕಾರ, ತೊಟ್ಟಿನ ಕಡೆ ಒಂದು ತೂತು, ಅಂಚಿನಲ್ಲಿ ಯಾವುದೋ ಕಾಲದ ಮಗುವೊಂದು ಕಚ್ಚಿದ ಹಲ್ಲಿನ ಗುರುತು.

ನನ್ನ ಮಗಳು ಗೌರಿಗೆ ಐದು ವರ್ಷ. ಅವಳು ದಬ್ಬೆಗಳನ್ನು ಬಿಟ್ಟು ಎಲೆಗೆ ಕೈಹಾಕಿದಳು. ಹಣೆಗೆ ಇಟ್ಟು ನೋಡಿದಳು, ಬೀಳಿಸಿದಳು. ಕಿವಿಗೆ ಹಿಡಿದು ನೋಡಿದಳು, ಭಾರವಾಯಿತು. ಕೊನೆಗೆ ನನ್ನ ಮುಂದೆ ಹಿಡಿದು ಕೇಳಿದಳು: "ಅಪ್ಪಾ, ಇದನ್ನ ಎಲ್ಲಿಗೆ ಹಾಕ್ಕೊಳ್ಳೋದು?"

ಅವಳಿಗೆ ನಾನು ಏನು ಹೇಳಿದೆ ಎಂಬುದು ಈ ಬರಹದ ಕೊನೆಯಲ್ಲಿ ಬರುತ್ತದೆ. ಘನವಾದದ್ದೇನೋ ಬರಲಿದೆ ಎಂದು ದಯವಿಟ್ಟು ಕಾಯಬೇಡಿ.

ಎಲೆಯ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಹಿಂದೆ ಅಂಬೆಗಾಲಿಕ್ಕುವ ಹೆಣ್ಣುಮಗುವಿನ ಉಡುದಾರಕ್ಕೆ ಮುಂಭಾಗದಲ್ಲಿ ಇಂಥದೊಂದು ಎಲೆಯನ್ನು ಇಳಿಬಿಡುತ್ತಿದ್ದರು. ಬಟ್ಟೆ ತೊಡಿಸುವ ಪದ್ಧತಿ ಅಷ್ಟಕ್ಕಷ್ಟೆ ಇದ್ದ ಕಾಲ, ಮಾನಕ್ಕೆ ಇಷ್ಟಾದರೂ ಇರಲಿ ಎಂದು. ಅಂದರೆ ಆ ಜಾಗಕ್ಕೆ ನಮ್ಮ ಹಿರಿಯರು ಅಕ್ಕಸಾಲಿಗನಿಂದ ಒಡವೆ ಮಾಡಿಸಿದರು, ಹೆಸರೊಂದನ್ನು ಮಾತ್ರ ಮಾಡಿಸಲಿಲ್ಲ. ಗಂಡುಮಗುವಿನ ಸ್ಥಿತಿ ಪರವಾಗಿಲ್ಲ. ಅವನಿಗೆ ಒಡವೆ ಇಲ್ಲದಿದ್ದರೂ ಹೆಸರು ಸಿಗುತ್ತಿತ್ತು. ನಮ್ಮ ಮನೆಯಲ್ಲಿ ಅದು 'ಗುಬ್ಬಿ'. ಪಕ್ಕದ ಮನೆಯಲ್ಲಿ ಮೆಣಸಿನಕಾಯಿ. ಕ್ಯಾತನಹಳ್ಳಿಯ ನಮ್ಮ ಬೀದಿಯೊಂದರಲ್ಲೇ ಒಂದು ತೋಟದ ಫಸಲು ಮತ್ತು ಅರ್ಧ ಪಕ್ಷಿಸಂಕುಲ ಬಚ್ಚಲುಮನೆಗಳಲ್ಲಿ ವಾಸವಾಗಿತ್ತು.

"ಬಾರ್ಲಾ, ಗುಬ್ಬಿ ತೊಳ್ಕೊ" ಎಂದು ಅವ್ವ ಹಿತ್ತಿಲಿನಿಂದ ಕೂಗಿದರೆ ನಾನು ಓಡುತ್ತಿದ್ದೆ. ಏಳು ವರ್ಷದವರೆಗೆ ಈ ವ್ಯವಸ್ಥೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆಮೇಲೆ ಒಂದು ದಿನ ಶಾಲೆಯ ಗೆಳೆಯನೊಬ್ಬ ಮನೆಗೆ ಬಂದಿದ್ದಾಗ ಅವ್ವ ಹಾಗೆ ಕೂಗಿದಳು. ಅಂದು ಸಂಜೆ ನಾನು ಅತ್ತು, ಊಟ ಬಿಟ್ಟು, ಆ ಪದ ಇನ್ನು ಮುಂದೆ ಮನೆಯಲ್ಲಿ ಬಳಕೆಯಾಗಕೂಡದೆಂದು ಆದೇಶ ಹೊರಡಿಸಿದೆ.

"ಸರಿ ಬುಡಪ್ಪ. ಇನ್ನೇನನ್ಲಿ?" ಎಂದಳು ಅವ್ವ.

"ಏನೂ ಅನ್ಬ್ಯಾಡ."

ಏನೂ ಅನ್ನಬೇಡ ಎಂಬ ಆ ಆದೇಶ ಮೂವತ್ತು ವರ್ಷ ಜಾರಿಯಲ್ಲಿತ್ತು. ಹಳೆಯ ಪದವನ್ನು ರದ್ದು ಮಾಡಿದವನು ಹೊಸ ಪದವನ್ನು ನೇಮಿಸಿಕೊಳ್ಳಬೇಕಿತ್ತು. ಹುದ್ದೆ ಖಾಲಿ ಉಳಿಯಿತು.

ಅಭ್ಯರ್ಥಿಗಳೇ ಇರಲಿಲ್ಲವೆಂದಲ್ಲ. ನಮ್ಮ ಸೀಮೆಯಲ್ಲಿ ಎತ್ತು ಗೆರೆ ತಪ್ಪಿದರೆ, ಟ್ರಾಕ್ಟರು ಸ್ಟಾರ್ಟ್ ಆಗದಿದ್ದರೆ, ಪಂಪ್‌ಸೆಟ್ಟಿನ ಫ್ಯೂಸು ಹೋದರೆ, ಹತ್ತು ವರ್ಷದ ಮೇಲೆ ಸಿಕ್ಕ ಜೀವದ ಗೆಳೆಯ ಎದುರು ಬಂದರೆ ಬಾಯಿಂದ ಹೊರಡುವ ಮೊದಲ ಮಾತುಗಳಲ್ಲಿ ಈ ಎಲ್ಲ ಅಂಗಗಳೂ ಸವಿವರವಾಗಿ ಬರುತ್ತವೆ. ಆದರೆ ಎತ್ತಿಗೆ ಹೇಳುವುದನ್ನು ಡಾಕ್ಟರಿಗೆ ಹೇಳಲಾಗುತ್ತದೆಯೇ? ಇನ್ನೊಂದು ಕಡೆ ಪಠ್ಯಪುಸ್ತಕದ ಸಂಸ್ಕೃತ ಪದಗಳು. ಅವುಗಳನ್ನು ಉಚ್ಚರಿಸಿದರೆ ಸಂಧ್ಯಾವಂದನೆಯ ಮಧ್ಯೆ ಏನೋ ತಪ್ಪಿದ ಹಾಗಾಗುತ್ತದೆ. ಪೇಪರಿನವರು 'ಮರ್ಮಾಂಗ' ಎನ್ನುತ್ತಾರೆ, ಅದು ಯಾರಾದರೂ ಒದ್ದಾಗ ಮಾತ್ರ. ಬಯ್ಯಲು ಒಂದು ಭಾಷೆ, ಪರೀಕ್ಷೆ ಬರೆಯಲು ಒಂದು ಭಾಷೆ. ನಡುವೆ, ನೋವಾದಾಗ ಮಾತಾಡಲು ಒಂದು ಭಾಷೆ ಇರಬೇಕಾದ ಜಾಗದಲ್ಲಿ, ದೊಡ್ಡವರೆಲ್ಲ ಕೆಮ್ಮುತ್ತಾರೆ.

ಹೀಗಾಗಿ ನಮ್ಮವರು ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಹೇಳಬಾರದ ಜಾಗದಲ್ಲಿ ನೋವು ಬಂದರೆ ಅದನ್ನು ಹತ್ತಿರದ ಮರ್ಯಾದಸ್ಥ ಜಾಗಕ್ಕೆ ವರ್ಗಾಯಿಸುವುದು. ಗಂಡಸರ ನೋವುಗಳು ತೊಡೆಗೆ, ಕಾಲಿಗೆ. ಹೆಂಗಸರವೆಲ್ಲ ಸೊಂಟಕ್ಕೆ. ನಾಗಮಂಗಲದ ಆಸ್ಪತ್ರೆಯ ಮುಂದೆ ಒಂದು ದಿನ ಕುಳಿತರೆ, ಈ ತಾಲ್ಲೂಕಿನ ಹೆಂಗಸರಿಗೆ ಸೊಂಟ ಬಿಟ್ಟು ಬೇರೆ ಅಂಗವನ್ನು ದೇವರು ದಯಪಾಲಿಸಿಯೇ ಇಲ್ಲವೆಂದು ನಂಬಿಬಿಡುತ್ತೀರಿ.

ದನಕರುಗಳಿಗೆ ಈ ಕಷ್ಟವಿಲ್ಲ. ಕ್ಯಾತನಹಳ್ಳಿಯಲ್ಲಿದ್ದಾಗ ನಮ್ಮ ಸೀಮೆಹಸು ಕರು ಹಾಕಿದ ಮೇಲೆ ಕಾಯಿಲೆ ಬಿತ್ತು. ಪಶುವೈದ್ಯರು ಸ್ಕೂಟರಿನಿಂದ ಇಳಿಯುವ ಮೊದಲೇ ಅವ್ವ ಬೀದಿಯ ಮಧ್ಯದಲ್ಲಿ ನಿಂತು, ಯಾವುದು ಊದಿದೆ, ಯಾವುದು ಜಾರಿದೆ, ಎಷ್ಟು ಹೊರಗೆ ಬಂದಿದೆ, ಏನು ಬಣ್ಣ, ಏನು ವಾಸನೆ ಎಂಬುದನ್ನೆಲ್ಲ ಕೈಯಲ್ಲಿ ಅಳತೆ ತೋರಿಸಿ ವರದಿ ಒಪ್ಪಿಸಿದಳು. ಡಾಕ್ಟರು ತಲೆದೂಗಿದರು. ಹಸು ಬದುಕಿತು. ಅದರ ಕೊರಳ ಗಂಟೆಯೇ ಟ್ರಂಕಿನಲ್ಲಿದ್ದದ್ದು.

ಇನ್ನು ದಬ್ಬೆಗಳ ವಿಷಯ.

ತೊಂಬತ್ತರ ದಶಕದ ಮೊದಲಲ್ಲಿ, ಗೌರಿ ಇನ್ನೂ ಹುಟ್ಟಿರಲಿಲ್ಲ, ನಮ್ಮ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಒಂದು ಕಬ್ಬಿಣದ ಬೀರುವನ್ನು ಸರಿಸಬೇಕಾಯಿತು. ಜವಾನ ರಜೆ. ನಾನು ಉತ್ಸಾಹಿ. ಬೀರು ಒಂದು ಅಡಿ ಸರಿಯಿತು, ನನ್ನೊಳಗೂ ಏನೋ ಸರಿಯಿತು. ಒಂದು ವಾರದೊಳಗೆ ತೊಡೆಸಂದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಊತ. ನಿಂತರೆ ಬರುವುದು, ಮಲಗಿದರೆ ಒಳಹೋಗುವುದು. ಕೆಮ್ಮಿದರೆ ಹಾಜರಿ ಹಾಕುವುದು.

"ಯಾಕ್ಲಾ ಕುಂಟ್ತಿದ್ದೀಯೆ?" ಎಂದಳು ಅವ್ವ. ಆಗ ಅವಳು ನಮ್ಮ ಜೊತೆ ನಾಗಮಂಗಲದಲ್ಲಿದ್ದಳು.

"ಕಾಲು ಉಳ್ಕಂಡದೆ ಕಣವ್ವ" ಎಂದೆ.

ವರ್ಗಾವಣೆ ಅಷ್ಟು ಸಲೀಸಾಗಿ ನಡೆದುಹೋಯಿತು. ಒಂದು ಸಲ ಕಾಲು ಎಂದ ಮೇಲೆ ಕಾಲಿಗೇ ಬದ್ಧನಾಗಿರಬೇಕು. ಕಚೇರಿಯಲ್ಲಿ ಕಾಲು, ಸಾವಿತ್ರಿಯ ಹತ್ತಿರವೂ ಕಾಲು. ಮದುವೆಯಾಗಿ ಮೂರು ವರ್ಷವಾಗಿತ್ತು. ಇಷ್ಟರಲ್ಲಿ ಅವಳಿಗೆ ಹೇಳಬಹುದಾಗಿತ್ತಲ್ಲ ಎಂದು ನೀವು ಕೇಳಬಹುದು. ಹೇಳಬಹುದಾಗಿತ್ತು, ಯಾವ ಪದದಲ್ಲಿ ಎಂದು ನೀವೇ ಹೇಳಿಕೊಟ್ಟಿದ್ದರೆ.

ಸಹೋದ್ಯೋಗಿಗಳು ಒಳ್ಳೆಯವರು. ಸಂತೆಬಾಚಹಳ್ಳಿ ಕಡೆ ಮೂಳೆ ಕಟ್ಟುವ ಸಿದ್ದೇಗೌಡರಿದ್ದಾರೆ, ಅವರ ಕೈ ಬಿದ್ದರೆ ಮುರಿದ ಗಾಡಿ ಅಚ್ಚೂ ಕೂಡಿಕೊಳ್ಳುತ್ತದೆ ಎಂದರು. ಬೇಡವೆನ್ನಲು ಕಾರಣ ಕೊಡಬೇಕಾಗುತ್ತಿತ್ತು. ಹೋದೆ.

ಸಿದ್ದೇಗೌಡರು ಜಗುಲಿಯ ಮೇಲೆ ಕೂರಿಸಿಕೊಂಡು ಪಾದದಿಂದ ಶುರುಮಾಡಿದರು. "ಇಲ್ಲಿ ನೋವಾ?"

"ವಸಿ ಮ್ಯಾಕೆ."

"ಮಂಡೀಲಾ?"

"ಇನ್ನೂ ವಸಿ ಮ್ಯಾಕೆ."

"ತೊಡೇಲಾ?"

ಇನ್ನೂ ಮೇಲೆ ಹೋದರೆ ಗಡಿ ದಾಟುತ್ತಿತ್ತು. ಜಗುಲಿಯ ಮೇಲೆ ಕೈ ಮುರಿದವರು, ಕಾಲು ಮುರಿದವರು ಏಳೆಂಟು ಜನ ಆಸಕ್ತಿಯಿಂದ ನೋಡುತ್ತಿದ್ದರು. "ಊಂ, ತೊಡೇನೇ" ಎಂದೆ.

ಅವರು ಕೋಳಿಮೊಟ್ಟೆಯ ಬಿಳಿಯನ್ನೂ ಉದ್ದಿನ ಹಿಟ್ಟನ್ನೂ ಕಲಸಿ, ಯಾವ ತಪ್ಪನ್ನೂ ಮಾಡದ ನನ್ನ ಬಲತೊಡೆಗೆ ಮೆತ್ತಿ, ಸುತ್ತ ನಾಲ್ಕು ಬಿದಿರ ದಬ್ಬೆ ಇಟ್ಟು, ಬಟ್ಟೆಯಿಂದ ಬಿಗಿದರು. "ಹನ್ನೆರಡು ದಿನ ಬಿಚ್ಚಂಗಿಲ್ಲ" ಎಂದರು. ನಿರಪರಾಧಿಯೊಬ್ಬನಿಗೆ ಇಷ್ಟು ಶಾಸ್ತ್ರೋಕ್ತವಾಗಿ ಬೇಡಿ ತೊಡಿಸಿದ್ದನ್ನು ಪೊಲೀಸು ಠಾಣೆಯಲ್ಲೂ ನಾನು ಕಂಡಿಲ್ಲ.

ಕಾಲು ನವೆಯಾಗುತ್ತಿತ್ತು, ಮೊಟ್ಟೆ ನಾರುತ್ತಿತ್ತು. ನೋಡಲು ಬಂದವರು ದಬ್ಬೆಯನ್ನು ತಟ್ಟಿ ನೋಡಿ ಬಿಗಿಯಾಗಿದೆ ಎಂದು ಸಮಾಧಾನಪಡುತ್ತಿದ್ದರು. ಒಂಬತ್ತನೆಯ ದಿನ ಬೆಳಿಗ್ಗೆ ಆ ನಿಂಬೆಹಣ್ಣು ಒಳಹೋಗಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಯಿತು. ವಾಂತಿ ಶುರುವಾಯಿತು. ಹೊಟ್ಟೆ ಉಬ್ಬಿತು, ಮೈ ಬೆವರಿತು. ಪಕ್ಕದ ಬೀದಿಯ ಮಕ್ಬೂಲ್ ತನ್ನ ಮೆಟಡೋರ್ ತಂದ. ಸಾವಿತ್ರಿ, ಅವ್ವ ಇಬ್ಬರೂ ಹತ್ತಿದರು. ಮಂಡ್ಯದವರೆಗೂ ದಬ್ಬೆ ಕಟ್ಟಿದ ಕಾಲನ್ನು ಸೀಟಿನ ಮೇಲೆ ಚಾಚಿಕೊಂಡು ಹೋದೆ.

"ಕಾಲ್ ನೋವಿಗೆ ವಾಂತಿ ಯಾಕೆ ಬರ್ತೈತೆ ಸಾಬ್?" ಎಂದು ಮಕ್ಬೂಲ್ ಮಾತ್ರ ಒಂದು ಸಲ ಕೇಳಿದ. ಆ ದಿನ ಕೇಳಬೇಕಾದ ಪ್ರಶ್ನೆ ಹೊಳೆದದ್ದು ಅವನೊಬ್ಬನಿಗೆ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು. ಸುತ್ತ ಒಂದಿಬ್ಬರು ನರ್ಸುಗಳು, ಅಕ್ಕಪಕ್ಕದ ಮಂಚದವರ ನೆಂಟರಿಷ್ಟರು.

"ಏನಾಗಿದೆ?"

"ಕಾಲು" ಎಂದೆ. ಸಾಯುವಾಗಲೂ ಮನುಷ್ಯ ತನ್ನ ಹೇಳಿಕೆಗೆ ಬದ್ಧನಾಗಿರುತ್ತಾನೆ.

ಡಾಕ್ಟರು ದಬ್ಬೆಗಳನ್ನು ನೋಡಿ, "ಎಕ್ಸ್‌ರೇಗೆ ಕಳಿಸಿ" ಎಂದು ಚೀಟಿ ಬರೆಯಲು ಹೊರಟರು. ಆಗ ಅವ್ವ ನನ್ನ ತಲೆಯ ಹತ್ತಿರದಿಂದ ಕಾಲಿನ ಹತ್ತಿರಕ್ಕೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಪಶುವೈದ್ಯರ ಮುಂದೆ ನಿಂತ ಹಾಗೆಯೇ ನಿಂತಳು.

"ಕಾಲೂ ಇಲ್ಲ, ಗೀಲೂ ಇಲ್ಲ ಡಾಕ್ಟ್ರಪ್ಪ. ಇವನ ಗುಬ್ಬಿ ಪಕ್ಕ ಊದ್ಕಂಡದೆ. ಮೂರು ತಿಂಗಳಿಂದ ಕೈ ಎಲ್ಲಿ ಒತ್ಕತಾನೆ ಅಂತ ನಾನು ನೋಡ್ತಾವ್ನಿ. ಇವತ್ತು ಕಲ್ಲಾಗ್ಬುಟ್ಟದೆ. ವಸಿ ಪಂಚೆ ಬಿಚ್ಚಿ ನೋಡಿ."

ಮೂವತ್ತೇಳು ವರ್ಷದ, ಪ್ರಥಮ ದರ್ಜೆಗೆ ಬಡ್ತಿ ಪಡೆದ, ಮೂಗಿನ ಮೇಲೆ ಕನ್ನಡಕವಿರುವ ಮನುಷ್ಯ ನಾನು. ಯಾರೋ ಕಿಸಕ್ಕೆಂದರು. ಡಾಕ್ಟರು ನಗಲಿಲ್ಲ. ಎರಡು ಬೆರಳಲ್ಲಿ ಮುಟ್ಟಿ ನೋಡಿ, ಬರೆಯುತ್ತಿದ್ದ ಚೀಟಿಯನ್ನು ಹರಿದು ಹಾಕಿ, ಆಪರೇಷನ್ ಥಿಯೇಟರಿನ ಕಡೆಗೆ ಕೂಗಿದರು. ಕರುಳಿನ ಒಂದು ಕುಣಿಕೆ ಹೊರಬಂದು ಸಿಕ್ಕಿಹಾಕಿಕೊಂಡಿತ್ತಂತೆ. ಎಕ್ಸ್‌ರೇ ಸಾಲಿನಲ್ಲಿ ನಿಂತಿದ್ದರೆ ಅದು ಸಾಯುತ್ತಿತ್ತು, ಅದರ ಹಿಂದೆ ನಾನು.

ಮೂರನೆಯ ದಿನ ಎಚ್ಚರವಾಗಿ ಮಾತಾಡುವ ಹಾಗಾದಾಗ ಅವ್ವನ ಮೇಲೆ ರೇಗಿದೆ. ಬದುಕಿಸಿದವರ ಮೇಲೆ ರೇಗುವುದು ಸುಲಭ. "ಅಷ್ಟು ಜನದ ಮುಂದೆ ಅಂಗನ್ಬೇಕಿತ್ತಾ?"

"ಇನ್ನೇನನ್ಬೇಕಿತ್ಲಾ? ನೀನು ಓದ್ದೋನು, ನೀನೇ ಒಂದು ಪದ ಯೋಳ್ಕೊಡು, ಮುಂದಿನ್ಸಲ ಅದ್ನೇ ಅಂತೀನಿ."

"ಗೊತ್ತಿದ್ರೆ ಮೂರು ತಿಂಗ್ಳು ಯಾಕೆ ಸುಮ್ಕಿದ್ದೆ?"

"ನೀನು ಕಾಲು ಅಂದೆ. ಓದ್ದೋನು ಅಂತಾವ್ನೆ, ಕಾಲೇ ಇರ್ಬೋದು ಅಂದ್ಕಂಡೆ" ಎಂದಳು. ಆಸ್ಪತ್ರೆಯವರು ಬಿಚ್ಚಿ ಎಸೆಯಲಿದ್ದ ದಬ್ಬೆಗಳನ್ನು ಕೇಳಿ ಇಸಿದುಕೊಂಡು ಮನೆಗೆ ತಂದಳು. ಒಳ್ಳೆ ಬಿದಿರು ಎಂಬುದು ಅವಳ ಕಾರಣ.

ಕಥೆ ಇಲ್ಲಿಗೆ ನಿಂತಿದ್ದರೆ ನಾನಿದನ್ನು ಮದುವೆ ಮನೆಗಳಲ್ಲಿ ಹೇಳಿ ನಗಿಸುತ್ತಿದ್ದೆ. ಕೆಲವು ವರ್ಷ ನಗಿಸಿದ್ದೂ ಉಂಟು.

ಗೌರಿಗೆ ಎರಡು ತುಂಬುವ ಹೊತ್ತಿಗೆ ಅವ್ವ ಸೊಂಟ ಎನ್ನತೊಡಗಿದಳು. ಎಪ್ಪತ್ತರ ಹತ್ತಿರದ ಹೆಂಗಸಿನ ಸೊಂಟಕ್ಕೆ ಯಾರು ತಲೆಕೆಡಿಸಿಕೊಳ್ಳುತ್ತಾರೆ? ಮುಲಾಮು ತಂದೆ. ಆಮೇಲೆ ಇನ್ನೊಂದು ಮುಲಾಮು. ಸಿದ್ದೇಗೌಡರ ಹತ್ತಿರ ಹೋಗಿ ಎಣ್ಣೆ ತಂದುಕೊಟ್ಟೆ. ಹೌದು, ಅದೇ ಸಿದ್ದೇಗೌಡರು. ಅನುಭವದಿಂದ ಮನುಷ್ಯ ಪಾಠ ಕಲಿಯುತ್ತಾನೆ ಎಂದು ಹೇಳುವವರು ಗುಮಾಸ್ತರನ್ನು ಕಂಡಿಲ್ಲ.

ಅವ್ವ ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳತೊಡಗಿದಳು. ಹಿತ್ತಿಲಿನಲ್ಲಿ ತೆಂಗಿನ ಗರಿಯ ಮರೆಗೆ ಒಣಗಹಾಕುತ್ತಿದ್ದಳು. ಸಾವಿತ್ರಿ ಒಂದು ದಿನ, "ಅತ್ತೆಯವರನ್ನ ಮೈಸೂರಲ್ಲಿ ಒಂದ್ಸಲ ಲೇಡಿ ಡಾಕ್ಟ್ರಿಗೆ ತೋರಿಸೋಣ ಕಣ್ರೀ" ಎಂದಳು.

"ಯಾಕೆ?"

"ಸುಮ್ನೆ."

"ಸುಮ್ನೆ ಯಾರಾದ್ರೂ ಮೈಸೂರಿಗೆ ಹೋಗ್ತಾರಾ? ಏನಾಗಿದೆ ಹೇಳು."

ಅವಳು ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತಳು. "ನೀವೇ ಕೇಳಿ" ಎಂದಳು.

ಕೇಳಿದೆ. "ಏನವ್ವ ನೋವು?"

"ಸೊಂಟ ಕಣ್ಲಾ. ವಯಸ್ಸಾಗ್ಲಿಲ್ವಾ?"

ಅವಳು ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಕಾಲು ಎಂದು ಮೂರು ತಿಂಗಳು ಹೇಳಿದವನಿಗೆ ಸೊಂಟ ಎಂಬುದರ ಅರ್ಥ ಗೊತ್ತಾಗಬೇಕಿತ್ತು. ಗೊತ್ತಾಯಿತು ಎಂದೇ ಈಗ ಅನ್ನಿಸುತ್ತದೆ. ಗೊತ್ತಾದ ಮೇಲೆ ಮುಂದಿನ ಪ್ರಶ್ನೆಯನ್ನು ಕೇಳಬೇಕಾಗುತ್ತಿತ್ತು, ಆ ಪ್ರಶ್ನೆಯಲ್ಲಿ ಒಂದು ಪದ ಬೇಕಾಗುತ್ತಿತ್ತು. ಆ ಕಡತವನ್ನು ರಾಶಿಯ ಕೆಳಕ್ಕೆ ಇಟ್ಟೆ.

ಎಂಟು ತಿಂಗಳ ನಂತರ ಸಾವಿತ್ರಿ ನನ್ನನ್ನು ಕೇಳದೆ ಅವ್ವನಿಗೆ ಸೀರೆ ಉಡಿಸಿ, "ಹೊರಡಿ" ಎಂದಳು. ಮೈಸೂರಿನ ಡಾಕ್ಟರಮ್ಮ ನನ್ನನ್ನು ಹೊರಗೆ ಕೂರಿಸಿದರು. ಬಹಳ ಹೊತ್ತಾದ ಮೇಲೆ ಒಳಗೆ ಕರೆದು ಹೇಳಿದರು. ಗರ್ಭಕೋಶದ ಬಾಯಲ್ಲಿ ಹುಣ್ಣು, ಹಬ್ಬಿದೆ. ಒಂದು ವರ್ಷ ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತು. "ಮನೇಲಿ ಯಾರಿಗೂ ಹೇಳಿರಲಿಲ್ವಾ?"

"ಹೇಳಿದ್ದರು. ಸೊಂಟ ಅಂತ" ಎಂದೆ.

ವಾಪಸು ಬರುವಾಗ ಅವ್ವನಿಗೆ ಕಿಟಕಿಯ ಪಕ್ಕದ ಸೀಟು. ಹಿಂದಿನ ಸೀಟಿನಲ್ಲಿ ಸಾವಿತ್ರಿಯ ತೊಡೆಯ ಮೇಲೆ ಗೌರಿ ನಿದ್ದೆಹೋಗಿದ್ದಳು. ಬಸ್ಸು ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಬಂದಾಗ ಅವ್ವ ಸೆರಗಿನ ಗಂಟಿನಿಂದ ಒಂದು ಕಾಸು ತೆಗೆದು ಹೊಳೆಗೆ ಎಸೆದು ಕೈಮುಗಿದಳು. ಅದು ನೀರು ಮುಟ್ಟಿತೋ ಇಲ್ಲವೋ, ನಾನು ಅದನ್ನೇ ನೋಡುತ್ತಿರುವವನ ಹಾಗೆ ಹೊರಗೆ ನೋಡುತ್ತಿದ್ದೆ.

"ಯಾಕವ್ವ ಯೋಳ್ಲಿಲ್ಲ?" ಎಂದೆ.

"ಏನಂತ ಯೋಳನ್ಲಾ?" ಎಂದಳು. ಬೇಸರವೇನೂ ಇರಲಿಲ್ಲ ದನಿಯಲ್ಲಿ, ದಣಿವಿತ್ತು. "ನಿಂಗೆ ಗುಬ್ಬಿ ಅಂದೆ. ನಂಗೆ ನಮ್ಮವ್ವ ಏನೂ ಅಂದಿರ್ಲಿಲ್ವಲ್ಲ. ಒಂದು ಎಲೆ ಕಟ್ಟಿದ್ಲು. ಅಷ್ಟೇಯ."

ಬಸ್ಸು ಪಾಂಡವಪುರ ದಾಟಿತು. ಕಬ್ಬು ತುಂಬಿದ ಗಾಡಿಗಳ ಸಾಲು ಅಡ್ಡ ಬಂದು ಬಸ್ಸು ನಿಂತಾಗ, ನಮ್ಮ ಡ್ರೈವರು ಮುಂದಿನ ಟ್ರಾಕ್ಟರಿನವನಿಗೆ ಕಿಟಕಿಯಿಂದ ತಲೆ ಹಾಕಿ ಬಯ್ದ. ಮೈಯ ಒಂದು ಭಾಗವನ್ನೂ ಬಿಡಲಿಲ್ಲ. ಟ್ರಾಕ್ಟರಿನವನೂ ಅಷ್ಟೇ ವಿವರವಾಗಿ ಉತ್ತರ ಕೊಟ್ಟ. ಅವ್ವ ಕೇಳಿಸಿಕೊಂಡು ಸಣ್ಣಗೆ ನಕ್ಕಳು. "ಇವಕ್ಕೆ ಮಾತ್ರ ಎಲ್ಲಾ ಗೊತ್ತು ನೋಡು" ಎಂದಳು.

ಐದು ತಿಂಗಳಿಗೆ ಅವ್ವ ಹೋದಳು. ಅವಳ ಜೊತೆ ಗುಬ್ಬಿ ಎಂಬ ಆ ಪದವೂ ಹೋಯಿತು. ಆ ಹೆಸರು ಹೇಳಿ ನನ್ನನ್ನು ಕಾಪಾಡಬಲ್ಲವರು ಇನ್ನು ಭೂಮಿಯ ಮೇಲೆ ಯಾರೂ ಇಲ್ಲ. ಐವತ್ತರ ಮೇಲೆ ಗಂಡಸರಿಗೆ ಬರುವ ಕಾಯಿಲೆಗಳ ಪಟ್ಟಿಯನ್ನು ಓದಿದ್ದೇನೆ. ತೊಡೆಯ ಹೆಸರು ಹೇಳಿ ತಪ್ಪಿಸಿಕೊಳ್ಳುವಂಥದ್ದು ಅದರಲ್ಲಿ ಒಂದೂ ಇಲ್ಲ.

ಗೌರಿ ಈ ವರ್ಷ ಕಾನ್ವೆಂಟು ಸೇರಿದ್ದಾಳೆ. ಅಲ್ಲಿನ ಮಿಸ್ಸು ಈ ಸಮಸ್ಯೆಗೆ ಪರಿಹಾರ ಕಂಡುಹಿಡಿದಿದ್ದಾರೆ. ಫ್ರಾಕು ಸ್ವಲ್ಪ ಮೇಲೆ ಸರಿದರೆ 'ಶೇಮ್ ಶೇಮ್' ಎನ್ನುತ್ತಾರೆ, ಮಕ್ಕಳೆಲ್ಲ ಒಕ್ಕೊರಲಿನಿಂದ ಅದನ್ನೇ ಹಾಡುತ್ತಾರೆ. ಮಗಳು ಈಗ ಆ ಭಾಗದ ಹೆಸರೇ ಅದು ಎಂದು ತಿಳಿದಿದ್ದಾಳೆ. ಹಳ್ಳಿಯಲ್ಲಿ ಒಂದು ಎಲೆಯನ್ನಾದರೂ ಕೊಡುತ್ತಿದ್ದೆವು. ಫೀಜು ತೆಗೆದುಕೊಂಡು ಇವರು ಕೊಟ್ಟದ್ದು ನಾಚಿಕೆಯನ್ನು ಮಾತ್ರ. ಇದನ್ನು ಮಿಸ್ಸಿನ ಮುಂದೆ ಪ್ರಸ್ತಾಪಿಸಬೇಕೆಂದು ಒಂದು ದಿನ ಶಾಲೆಯ ಗೇಟಿನವರೆಗೆ ಹೋದೆ. ಏನೆಂದು ಪ್ರಸ್ತಾಪಿಸುವುದು ಎಂದು ಯೋಚಿಸಿ, ಮಳೆ ಬರುವ ಹಾಗಿದೆ ಎಂದು ವಾಪಸು ಬಂದೆ. ಮಳೆ ಬರಲಿಲ್ಲ.

ಹೀಗಿರುವಾಗ ಮೊನ್ನೆ ಭಾನುವಾರ, ಟ್ರಂಕಿನ ಮುಂದೆ, ಬೆಳ್ಳಿ ಎಲೆ ಹಿಡಿದು ಮಗಳು ಕೇಳಿದಳು: "ಅಪ್ಪಾ, ಇದನ್ನ ಎಲ್ಲಿಗೆ ಹಾಕ್ಕೊಳ್ಳೋದು?"

ಅಡಿಗೆಮನೆಯಲ್ಲಿ ಸಾವಿತ್ರಿ ಒಗ್ಗರಣೆ ಹಾಕುತ್ತಿದ್ದಳು, ಸದ್ದು ನಿಂತಿತು. ಅವಳೂ ನನ್ನ ಉತ್ತರಕ್ಕೆ ಕಾಯುತ್ತಿದ್ದಾಳೆಂದು ಗೊತ್ತಾಯಿತು.

"ಸೊಂಟಕ್ಕೆ" ಎಂದೆ.

ತಪ್ಪು ಉತ್ತರವೇನೂ ಅಲ್ಲ. ಉಡುದಾರ ಕಟ್ಟುವುದು ಸೊಂಟಕ್ಕೇ. ಯಾವ ಮೇಲಧಿಕಾರಿಯೂ ಇದಕ್ಕೆ ಆಕ್ಷೇಪಣೆ ಬರೆಯಲಾರ. ಗೌರಿ ಒಪ್ಪಿಕೊಂಡು, ಎಲೆಯನ್ನು ಸೊಂಟದ ಪಕ್ಕಕ್ಕೆ ಒತ್ತಿ ಹಿಡಿದು, ಅಂಗಳದ ಕಡೆಗೆ ಹೊರಟಳು. ಅವ್ವ ಕೊನೆಯ ವರ್ಷ ಕೈ ಇಟ್ಟುಕೊಳ್ಳುತ್ತಿದ್ದ ಜಾಗವೂ ಅದೇ.

"ಬಾ ಇಲ್ಲಿ ಪುಟ್ಟಿ" ಎಂದು ಕೂಗಿದೆ.

ಬಂದಳು.

"ಸೊಂಟಕ್ಕಲ್ಲ" ಎಂದೆ. "ಅಪ್ಪ ಸುಳ್ಳು ಹೇಳಿದೆ."

"ಮತ್ತೆ?"

ಮುಂದಿನ ವಾಕ್ಯವನ್ನು ನಾನೇ ಹೇಳಬೇಕೆಂದು ಬಾಯಿ ತೆರೆದೆ. "ಸಾವಿತ್ರೀ" ಎಂದು ಕೂಗಿದೆ. ಅವಳು ಕೈ ಒರೆಸಿಕೊಂಡು ಬಂದು, ನನ್ನನ್ನು ಒಂದು ಸಲ ನೋಡಿ, ಮಗಳ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ನಾನು ಎದ್ದು ಹೊರಗೆ ಹೋಗುವವನಿದ್ದೆ.

"ನೀವೂ ಕೂತ್ಕೊಳ್ಳಿ" ಎಂದಳು. "ನಿಮಗೂ ಗೊತ್ತಿಲ್ಲವಲ್ಲ."

ಕುಳಿತುಕೊಂಡೆ.